ತಾಳಮದ್ದಳೆ ರೆಕಾರ್ಡ್ ಮಾಡಲು ಪಲ್ಸ್‌ಆಡಿಯೋ ತೆಗೆಯಬೇಕಾ?

ಪ್ರಶ್ನೆ: ನಮ್ಮ ಸಂಘದ ತಾಳಮದ್ದಳೆ ರೆಕಾರ್ಡ್ ಮಾಡಲು ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಬಳಸುವ ಉಬುಂಟು 24.04 ಹಾಕಿದ್ದೇನೆ. 'ಮೊದಲು ಪಲ್ಸ್‌ಆಡಿಯೋ ಕಿತ್ತು ಹಾಕು, ಇಲ್ಲದಿದ್ರೆ ಶಬ್ದ ತುಂಡು ತುಂಡಾಗಿ ಬರ್ತದೆ' ಅಂತ ಭಾವ ಹೇಳುತ್ತಾರೆ. ಹಾಗೆ ಮಾಡಲೇ?
– ಓದುಗರು, ಬ್ರಹ್ಮಾವರ

ಉತ್ತರ: ಬೇಡ. ದಯವಿಟ್ಟು ಏನನ್ನೂ ಕಿತ್ತು ಹಾಕಬೇಡಿ.

ಭಾವ ಸುಮ್ನೆ ಹೇಳಿದ್ದಲ್ಲ. ಪಲ್ಸ್‌ಆಡಿಯೋ ಅಂದರೆ ಪ್ರೋಗ್ರಾಂಗಳ ಶಬ್ದವನ್ನು ಸೌಂಡ್ ಕಾರ್ಡಿಗೆ ತಲುಪಿಸುವ ತಂತ್ರಾಂಶ. 2008ರಲ್ಲಿ ಉಬುಂಟು 8.04ರ ಜೊತೆ ಪಲ್ಸ್‌ಆಡಿಯೋ ಬಂದಾಗ ಅದನ್ನು ಅರೆಬರೆ ಜೋಡಿಸಿದ್ದರು, ಎಷ್ಟೋ ಜನರಿಗೆ ಹಾಡು ಕಡಿದು ಕಡಿದು ಕೇಳಿತು. ಮುಂದಿನ ಆವೃತ್ತಿಗಳಲ್ಲಿ ಇನ್ನೊಂದು ತೊಂದರೆ. ಎಷ್ಟು ಶಬ್ದ ನುಡಿಸಿ ಆಯಿತು, ಎಷ್ಟು ಬಾಕಿ ಇದೆ ಅಂತ ಪಲ್ಸ್‌ಆಡಿಯೋ ಸೌಂಡ್ ಕಾರ್ಡಿನ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶವನ್ನು) ಕೇಳುತ್ತಿತ್ತು, ಆಗಿನ ಹಲವು ಡ್ರೈವರುಗಳು ಆ ಲೆಕ್ಕವನ್ನೇ ತಪ್ಪು ಕೊಡುತ್ತಿದ್ದವು. ಅದಕ್ಕೂ ಮೊದಲು ಯಾರೂ ಅಷ್ಟು ನಿಖರವಾಗಿ ಕೇಳುತ್ತಿರಲಿಲ್ಲ, ಹಾಗಾಗಿ ದೋಷ ಕಂಡಿರಲಿಲ್ಲ. ಡ್ರೈವರುಗಳು ಕ್ರಮೇಣ ಸರಿಯಾದವು, ಹೆಸರು ಮಾತ್ರ ಕೆಟ್ಟೇ ಉಳಿಯಿತು. ಶಬ್ದ ಸರಿ ಬಂದಾಗ 'ಇವತ್ತು ಚೆನ್ನಾಗಿ ಬಂತು' ಅಂತ ಯಾರು ಹೇಳುತ್ತಾರೆ? ಕೈಕೊಟ್ಟ ದಿನ ಕಲಿತ ಉಪಾಯವನ್ನೇ ಜನ ತಮ್ಮವರಿಗೆಲ್ಲ ಹೇಳಿಕೊಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ, ಯಾಕೆಂದರೆ ಆ ಉಪಾಯ ಈಗ ಚೆನ್ನಾಗಿರುವ ಕಂಪ್ಯೂಟರನ್ನೇ ಕೆಡಿಸುತ್ತದೆ.

ನಿಮ್ಮ ಉಬುಂಟುವಿನಲ್ಲಿ ಶಬ್ದದ ಕೆಲಸ ಮಾಡುವುದು ಪೈಪ್‌ವೈರ್. ಉಬುಂಟು 22.10ರಿಂದಲೇ ಅದು ಪಲ್ಸ್‌ಆಡಿಯೋದ ಜಾಗದಲ್ಲಿ ಕೂತಿದೆ. ಆದರೂ ಬ್ರೌಸರಿನಂಥ ಪ್ರೋಗ್ರಾಂಗಳು ಪಲ್ಸ್‌ಆಡಿಯೋ ಜೊತೆ ಮಾತಾಡಿದ ಹಾಗೇ ಇದರ ಜೊತೆ ಮಾತಾಡುತ್ತವೆ, ಅದಕ್ಕೆ ಬೇಕಾದ ಪ್ಯಾಕೇಜುಗಳಲ್ಲಿ 'ಪಲ್ಸ್' ಅನ್ನುವ ಹೆಸರು ಇನ್ನೂ ಇದೆ. ಹೆಸರು ನೋಡಿ ತೆಗೆದರೆ ಎಲ್ಲವೂ ಮೂಕ ಆಗಬಹುದು.

ರೆಕಾರ್ಡಿಂಗಿಗೆ ಆಡಾಸಿಟಿ ಅನ್ನುವ ಪ್ರೋಗ್ರಾಂ ಸಾಕು. ಭಾಗವತರಿಗೆ, ಮದ್ದಳೆಗೆ, ಅರ್ಥಧಾರಿಗಳಿಗೆ ಬೇರೆ ಬೇರೆ ಮೈಕ್ ಇಡುವುದಾದರೆ ಆರ್ಡರ್ (Ardour) ಅನ್ನುವ ಪ್ರೋಗ್ರಾಂ ಒಳ್ಳೆಯದು. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಶಬ್ದದ ತುಣುಕು, 1024 ಸ್ಯಾಂಪಲ್ ಇಡಿ. 48 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 21 ಮಿಲಿಸೆಕೆಂಡ್. ಹಾಡುವವರು ಹೆಡ್‌ಫೋನಿನಲ್ಲಿ ತಮ್ಮ ಧ್ವನಿ ಕೇಳಿಕೊಂಡು ಹಾಡುವುದಿಲ್ಲವಲ್ಲ, ಆ ತಡದಿಂದ ಏನೂ ತೊಂದರೆ ಇಲ್ಲ. ಬಫರ್ ಚಿಕ್ಕದು ಮಾಡಿದರೆ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ, ಆಗ ಶಬ್ದ ನಿಜಕ್ಕೂ ತುಂಡಾಗುತ್ತದೆ.

ಇದಕ್ಕಿಂತ ಜಾಸ್ತಿ ಗಮನ ಚೆಂಡೆಗೆ ಕೊಡಿ. ಮೊದಲೇ ಜೋರಾಗಿ ಬಾರಿಸಲು ಹೇಳಿ, ಮಟ್ಟ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಗೇನ್ (ಮೈಕಿನ ಶಬ್ದವನ್ನು ಹಿಗ್ಗಿಸುವ ಪ್ರಮಾಣ) ಇಳಿಸಿ. ಗರಿಷ್ಠ ಮಟ್ಟವಾದ ಸೊನ್ನೆ ಡೆಸಿಬೆಲ್‌ಗೆ ಬಡಿದು ಒಡೆದ ಶಬ್ದವನ್ನು ಆಮೇಲೆ ಸರಿ ಮಾಡುವುದು ಕಷ್ಟ. ಹಿನ್ನೆಲೆಯಲ್ಲಿ ಗುಂಯ್ ಅಂತ ಕೇಳಿಸಿದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಒಮ್ಮೆ ನೋಡಿ.