ದೊಡ್ಡ ಕಂಪನಿಯ ಲೈಸೆನ್ಸ್ ನಂಬಿ ನನ್ನ ಸಾಹಸ ಪುಸ್ತಕ ಮಾರಬಹುದಾ?

ನೀವು ಕೇಳಿದ್ದು ಇಷ್ಟು: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನೋ, ಪಾತ್ರಗಳಾಗಿ ಕಥೆ ಆಡುವ ಆಟಕ್ಕೆ ಒಂದು ಸಾಹಸ, ಅಂದರೆ ಆಡೋಕೆ ಒಂದು ಕಥೆ ಬರೆದಿದ್ದೀರಿ, ಪಿಡಿಎಫ್ ಮಾಡಿ ಮಾರುವ ಆಸೆ. ಆದರೆ 2023ರ ಲೈಸೆನ್ಸ್ ಗಲಾಟೆ ಬಗ್ಗೆ ಓದಿ ಹೆದರಿದ್ದೀರಿ. ಇವತ್ತು ಮಾರಿಕೊಳ್ಳಿ ಅಂದ ಕಂಪನಿ ನಾಳೆ ನಿಲ್ಲಿಸಿ ಅಂದರೆ ಏನು ಗತಿ?

ಧಾರಾಳವಾಗಿ ಮಾರಿ. ಹೆದರೋಕೆ ಏನೂ ಇಲ್ಲ ಅಂತ ಹೇಳುತ್ತಿಲ್ಲ, ಹೆದರಬೇಕಾದ ಜಾಗ ಬೇರೆ ಇದೆ ಅಷ್ಟೇ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಾನೂ ಈ ಆಟಕ್ಕೆ ಸಣ್ಣ ಸಣ್ಣ ಪಿಡಿಎಫ್ ಬರೆದು ಮಾರುವವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಇದು ರಾತ್ರಿ ಹೊತ್ತಿನ ಹುಚ್ಚು. ಬಂದ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಚಿತ್ರ ಬರೆದುಕೊಟ್ಟವರಿಗೇ ಹೋಗುತ್ತದೆ. ವಕೀಲ ಅಂತೂ ಅಲ್ಲ.

ಈ ಆಟವನ್ನು ಮೊದಲು ತಂದ ಟಿಎಸ್‌ಆರ್ ಕಂಪನಿಗೆ 90ರ ದಶಕದಲ್ಲಿ ಒಂದು ಚಾಳಿ ಇತ್ತು. ಅಭಿಮಾನಿಗಳು ತಾವು ಬರೆದದ್ದನ್ನು ಇಂಟರ್ನೆಟ್‌ನಲ್ಲಿ ಸುಮ್ನೆ ಹಂಚಿಕೊಂಡರೂ ನೋಟಿಸ್ ಬರುತ್ತಿತ್ತು. ಆ ಮೂರಕ್ಷರಕ್ಕೆ ಆಟಗಾರರು 'ದೇ ಸ್ಯೂ ರೆಗ್ಯುಲರ್ಲಿ' ಅಂತಲೇ ಅರ್ಥ ಹೇಳುತ್ತಿದ್ದರು. 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಅದನ್ನು ಕೊಂಡಿತು, 1999ರಲ್ಲಿ ವಿಝರ್ಡ್ಸನ್ನೇ ಹ್ಯಾಸ್‌ಬ್ರೋ ಕೊಂಡಿತು. 2000ದಲ್ಲಿ ಗಾಳಿ ತಿರುಗಿತು. ಮೂರನೇ ಆವೃತ್ತಿಯ ಜೊತೆ ಓಪನ್ ಗೇಮ್ ಲೈಸೆನ್ಸ್ ಬಂತು, ಎಲ್ಲರ ಬಾಯಲ್ಲಿ ಓಜಿಎಲ್. ಆಟದ ಮೂಲ ನಿಯಮಗಳನ್ನು ಎಸ್‌ಆರ್‌ಡಿ ಎಂಬ ಕಡತಕ್ಕೆ ಹಾಕಿ, ಯಾರು ಬೇಕಾದರೂ ಬಳಸಿ, ಮಾರಿಕೊಳ್ಳಿ, ರಾಯಲ್ಟಿ ಬೇಡ ಅಂದರು.

ದಾನಧರ್ಮ ಏನಲ್ಲ ಬಿಡಿ. ಇದನ್ನು ಮುಂದೆ ನಿಂತು ಮಾಡಿಸಿದ ರಯಾನ್ ಡ್ಯಾನ್ಸಿ ಅವರ ಲೆಕ್ಕ ಸರಳ. ಸಾಹಸ ಪುಸ್ತಕಗಳಲ್ಲಿ ಲಾಭ ಕಡಿಮೆ, ಆ ಕೆಲಸ ಬೇರೆಯವರು ಮಾಡಲಿ. ಅವನ್ನು ಆಡಬೇಕು ಅಂದರೆ ಮೂಲ ನಿಯಮ ಪುಸ್ತಕಕ್ಕೆ ಜನ ನಮ್ಮ ಹತ್ತಿರವೇ ಬರಬೇಕಲ್ವಾ? ನಮ್ಮಂಥ ಸಣ್ಣವರು ಆ ದಿನದಿಂದಲೂ ಅವರ ಲೆಕ್ಕದಲ್ಲಿ ಇದ್ದೇವೆ. ಇದನ್ನು ಯಾಕೆ ಹೇಳಿದೆ ಅಂದರೆ, ನಾವು ಬಿಟ್ಟಿ ಊಟಕ್ಕೆ ಬಂದು ಕೂತವರು ಅನ್ನೋ ಥರ ಮಾತಾಡುವವರು ಈಗಲೂ ಸಿಗುತ್ತಾರೆ.

2008ರಲ್ಲಿ ಒಮ್ಮೆ ಪೆಟ್ಟು ಬಿತ್ತು. ನಾಲ್ಕನೇ ಆವೃತ್ತಿಗೆ ಓಜಿಎಲ್ ಇಲ್ಲ, ಜಿಎಸ್‌ಎಲ್ ಅನ್ನೋ ಬಿಗಿ ಲೈಸೆನ್ಸ್, ಅದನ್ನೂ ಕಂಪನಿ ಬೇಕೆಂದಾಗ ಬದಲಿಸಬಹುದು. ಅದುವರೆಗೆ ವಿಝರ್ಡ್ಸ್ ಜೊತೆಗೇ ಬೆಳೆದಿದ್ದ ಪೈಝೋ ಕಂಪನಿ ಆ ದಾರಿಗೆ ಹೋಗಲಿಲ್ಲ. ಹಳೇ ಓಜಿಎಲ್ ನಿಯಮಗಳನ್ನೇ ತಿದ್ದಿ 2009ರಲ್ಲಿ ಪಾತ್‌ಫೈಂಡರ್ ತಂದಿತು, ಡಿ ಅಂಡ್ ಡಿಗೇ ಎದುರಾಳಿಯಾಗಿ ನಿಂತಿತು. 2016ರಲ್ಲಿ ಐದನೇ ಆವೃತ್ತಿಯ ನಿಯಮಗಳೂ ಓಜಿಎಲ್‌ಗೆ ಬಂದವು. ನಾವೆಲ್ಲ ನಿಟ್ಟುಸಿರು ಬಿಟ್ಟು ಬರೆಯೋಕೆ ಕೂತೆವು.

ಆಮೇಲೆ 2023ರ ಜನವರಿ. ಓಜಿಎಲ್ 1.1ರ ಕರಡು ಸೋರಿಕೆ ಆಯಿತು. ಎಲ್ಲರ ಕಣ್ಣು ಹೋಗಿದ್ದು ರಾಯಲ್ಟಿ ಮೇಲೆ: ವರ್ಷಕ್ಕೆ 7.5 ಲಕ್ಷ ಡಾಲರ್ ದಾಟಿದ ವಹಿವಾಟಿಗೆ ಶೇ 25. ಲಾಭಕ್ಕಲ್ಲ, ವಹಿವಾಟಿಗೆ. 10 ಲಕ್ಷ ಡಾಲರ್ ಮಾರಾಟ ಮಾಡಿದವರು 62,500 ಡಾಲರ್ ಕಟ್ಟಬೇಕು. ಮುದ್ರಣ, ಚಿತ್ರ, ಸಾಗಣೆ ಎಲ್ಲ ಕಳೆದು ಅವರಿಗೆ ನೂರಕ್ಕೆ ಹತ್ತು ಉಳಿಯುತ್ತದೆ ಅಂದುಕೊಳ್ಳಿ. ಆ ಒಂದು ಲಕ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಹೋಯಿತು.

ನನ್ನಂಥವನಿಗೆ 7.5 ಲಕ್ಷ ಡಾಲರ್ ಕನಸಲ್ಲೂ ಬರಲ್ಲ. ಆದರೂ ನಿದ್ದೆ ಕೆಟ್ಟಿತು. ಆ ರಾತ್ರಿ ನನ್ನ ಮೊದಲ ಪಿಡಿಎಫ್ ತೆಗೆದು ಕೊನೇ ಪುಟಕ್ಕೆ ಹೋದೆ. ಓಜಿಎಲ್ ಬಳಸಿದ ಪ್ರತಿ ಪುಸ್ತಕದಲ್ಲೂ ಆ ಲೈಸೆನ್ಸ್ ಪೂರ್ತಿ ಅಚ್ಚಾಗಿರಬೇಕು. ಯಾರೂ ಓದದ ಪುಟ ಅಂತ ಅಕ್ಷರ ಎಷ್ಟು ಸಣ್ಣ ಮಾಡಬಹುದೋ ಅಷ್ಟು ಸಣ್ಣ ಮಾಡಿ ತುರುಕಿದ್ದೆ. ಈಗ ನಾನೇ ಅದನ್ನು ದೊಡ್ಡದು ಮಾಡಿಕೊಂಡು ಓದಬೇಕಾಯಿತು. ನಾಲ್ಕನೇ ಕಲಮಿನಲ್ಲಿ 'ಪರ್ಪೆಚುವಲ್' ಅಂತಿದೆ, ಅಂದರೆ ಕಾಲಮಿತಿ ಇಲ್ಲ. 'ಇರ್‍ರೆವೊಕಬಲ್' ಅಂತಿಲ್ಲ, ಅಂದರೆ ವಾಪಸ್ ತಗೋಳಲ್ಲ ಅಂತ ಎಲ್ಲೂ ಬರೆದಿಲ್ಲ. ಒಂಬತ್ತನೇ ಕಲಮಿನಲ್ಲಿ ಈ ಲೈಸೆನ್ಸಿನ ಯಾವುದೇ 'ಆಥರೈಸ್ಡ್' ಆವೃತ್ತಿಯನ್ನು ಬಳಸಬಹುದು ಅಂತಿದೆ. 20 ವರ್ಷ ಆ ಪದವನ್ನು ಯಾರೂ ತಿರುಗಿ ನೋಡಿರಲಿಲ್ಲ. ಹೊಸ ಕರಡು ಅದನ್ನೇ ಹಿಡಿದುಕೊಂಡಿತು: ಹಳೇ 1.0ಎ ಇನ್ನು ಮುಂದೆ ಆಥರೈಸ್ಡ್ ಅಲ್ಲ.

ಸರಿ, ಆ ಲೈಸೆನ್ಸ್ ಬರೆಸಿದವರ ಉದ್ದೇಶ ಹಾಗಿರಲಿಲ್ಲ. ಡ್ಯಾನ್ಸಿ ಅವರೇ ಇದನ್ನು ಬಹಿರಂಗವಾಗಿ ಹೇಳಿದರು. ಆದರೆ ಉದ್ದೇಶ ಹಿಡಿದುಕೊಂಡು ಕೋರ್ಟಿಗೆ ಹೋಗುವ ತಾಕತ್ತು ಯಾರಿಗಿದೆ?

ನನಗೆ ನಿಜವಾಗಿ ಉರಿದದ್ದು ಇನ್ನೊಂದು ಕಲಮಿಗೆ. ನೀವು ಬರೆದದ್ದು ನಿಮ್ಮದೇ, ಆದರೆ ಅದನ್ನು ರಾಯಲ್ಟಿ ಕೊಡದೆ ಬಳಸುವ ಹಕ್ಕು ಕಂಪನಿಗೂ ಇರುತ್ತದೆ ಅಂತ ಕರಡು ಹೇಳಿತ್ತು. ಆ ಹಕ್ಕು ಎಂಥದ್ದು? ಪರ್ಪೆಚುವಲ್, ಇರ್‍ರೆವೊಕಬಲ್. ನಮಗೆ ಕೊಟ್ಟಾಗ ಬಿಟ್ಟುಹೋಗಿದ್ದ ಪದ, ನಮ್ಮಿಂದ ತಗೊಳ್ಳುವಾಗ ಮಾತ್ರ ನೆನಪಾಗಿತ್ತು.

ಮುಂದಿನದು ನಿಮಗೂ ಗೊತ್ತಿರಬಹುದು. ಜನ ಡಿ ಅಂಡ್ ಡಿ ಬಿಯಾಂಡ್ ಅನ್ನೋ ಕಂಪನಿಯ ಆನ್‌ಲೈನ್ ಸೇವೆಯ ಚಂದಾ ರದ್ದು ಮಾಡತೊಡಗಿದರು. ಪೈಝೋ ಓಆರ್‌ಸಿ ಅನ್ನೋ ಬೇರೆ ಮುಕ್ತ ಲೈಸೆನ್ಸ್ ಘೋಷಿಸಿತು. ಜನವರಿ 13ರಂದು ವಿಝರ್ಡ್ಸ್ ಒಂದು ಹೇಳಿಕೆ ಕೊಟ್ಟಿತು: ನೀವು ಗೆದ್ದಿರಿ, ನಾವೂ ಗೆದ್ದೆವು ಅನ್ನೋ ಧಾಟಿ. ಮೂಗಿಗೆ ತುಪ್ಪ ಸವರುವ ಆ ಮಾತು ಓದಿ ನಾನು ಜೋರಾಗಿ ನಕ್ಕಿದ್ದೆ. ಆಮೇಲೆ 1.2 ಅಂತ ಇನ್ನೊಂದು ಕರಡು, ಅದಕ್ಕೆ ಸಮೀಕ್ಷೆ. 15,000ಕ್ಕೂ ಜಾಸ್ತಿ ಜನ ಉತ್ತರ ಕೊಟ್ಟರು, ಶೇ 88 ಮಂದಿ ಇದರಡಿ ಪ್ರಕಟಿಸಲ್ಲ ಅಂದರು. ಜನವರಿ 27ಕ್ಕೆ ಕಂಪನಿ ಕೈಚೆಲ್ಲಿತು. ಹಳೇ ಓಜಿಎಲ್ ಮುಟ್ಟಲ್ಲ ಅಂತ ಹೇಳಿ, ಐದನೇ ಆವೃತ್ತಿಯ ನಿಯಮಗಳಿರುವ ಎಸ್‌ಆರ್‌ಡಿ 5.1 ಪೂರ್ತಿ ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟುಕೊಟ್ಟಿತು, ಮೂಲದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ ಸಿಸಿ ಬೈ 4.0 ಲೈಸೆನ್ಸ್ ಅಡಿಯಲ್ಲಿ.

ನಿಮಗೆ ಬೇಕಾದ್ದು ಇದೇ. ಸಿಸಿ ಬೈ 4.0ರಲ್ಲಿ ಇರ್‍ರೆವೊಕಬಲ್ ಅನ್ನೋ ಪದ ಕಪ್ಪು ಬಿಳುಪಲ್ಲಿ ಇದೆ. ಅದನ್ನು ಬರೆದದ್ದು ವಿಝರ್ಡ್ಸ್ ಅಲ್ಲ, ಕ್ರಿಯೇಟಿವ್ ಕಾಮನ್ಸ್ ಅನ್ನೋ ಲಾಭ ನೋಡದ ಸಂಸ್ಥೆ. ವಿಝರ್ಡ್ಸ್ ನಾಳೆ ಹೊಸ ಆವೃತ್ತಿಯನ್ನು ಬೀಗ ಹಾಕಿ ಇಟ್ಟುಕೊಳ್ಳಬಹುದು. ಕೊಟ್ಟದ್ದನ್ನು ಕಿತ್ತುಕೊಳ್ಳೋಕೆ ಆಗಲ್ಲ. 2025ರಲ್ಲಿ ಬಂದ ಎಸ್‌ಆರ್‌ಡಿ 5.2 ಕೂಡ ಇದೇ ಲೈಸೆನ್ಸಿನಲ್ಲಿದೆ. ನೀವು ಮಾಡಬೇಕಾದ್ದು, ಎಸ್‌ಆರ್‌ಡಿಯಲ್ಲೇ ಕೊಟ್ಟಿರುವ ಕೃತಜ್ಞತೆಯ ಸಾಲನ್ನು ಹಾಗೇ ನಿಮ್ಮ ಪುಸ್ತಕಕ್ಕೆ ಹಾಕುವುದು. ರಕ್ಷಾಪುಟದ ಮೇಲೆ ಡಿ ಅಂಡ್ ಡಿ ಲೋಗೋ ಬೇಡ. 'ಐದನೇ ಆವೃತ್ತಿಗೆ ಹೊಂದುತ್ತದೆ' ಅಂತ ಹಾಕಿಕೊಳ್ಳಿ, ಸಾಕು.

ಡಿಎಂಸ್ ಗಿಲ್ಡ್‌ನಲ್ಲಿ ಹಾಕಬಹುದಾ ಅಂತಲೂ ಕೇಳಿದ್ದೀರಿ. ಅದು ವಿಝರ್ಡ್ಸ್ ಒಪ್ಪಿಗೆಯಿಂದ ನಡೆಯುವ, ಡಿ ಅಂಡ್ ಡಿ ಪುಸ್ತಕ ಮಾರುವ ಜಾಲತಾಣ. ಅಲ್ಲಿ ಫರ್ಗಾಟನ್ ರೆಲ್ಮ್ಸ್ ಥರದ ಅವರದೇ ಲೋಕಗಳನ್ನು ಬಳಸಬಹುದು, ಓದುಗರೂ ಬೇಗ ಸಿಗುತ್ತಾರೆ. ಬದಲಿಗೆ ಮಾರಾಟದ ಅರ್ಧ ನಿಮ್ಮದು, ಉಳಿದರ್ಧ ಅವರದು. ಅದಕ್ಕಿಂತ ಮುಖ್ಯ, ಅಲ್ಲಿ ಹಾಕಿದ್ದನ್ನು ಇನ್ನೆಲ್ಲೂ ಮಾರುವ ಹಾಗಿಲ್ಲ. ನಿಮ್ಮ ಕಥೆ ಆ ಲೋಕ ಬಿಟ್ಟು ಬದುಕಲ್ಲ ಅಂದರೆ ಮಾತ್ರ ಅಲ್ಲಿಗೆ ಹೋಗಿ. ಸ್ವಂತ ಊರು, ಸ್ವಂತ ದೇವರುಗಳನ್ನು ಕಟ್ಟಿದ್ದೀರಿ ಅಂದರೆ ಅವನ್ನು ಯಾಕೆ ಅಲ್ಲಿ ಒತ್ತೆ ಇಡಬೇಕು?

ಇನ್ನೊಂದು, ನಾನು ಮಾಡಿದ ಪೆದ್ದುತನ. ನನ್ನ ಮೊದಲ ಸಾಹಸದ ಕೊನೇ ಕೋಣೆಯಲ್ಲಿ ಬೀಹೋಲ್ಡರ್ ಅನ್ನೋ ಒಂದು ರಾಕ್ಷಸ ಇತ್ತು. ಗೊತ್ತಲ್ಲ, ಗಾಳಿಯಲ್ಲಿ ತೇಲುವ ಗೋಲ, ಮಧ್ಯೆ ದೊಡ್ಡ ಕಣ್ಣು, ತಲೆ ತುಂಬ ಕಡ್ಡಿಗಳ ತುದಿಯಲ್ಲಿ ಹತ್ತು ಕಣ್ಣು. ಗೂಬೆ ಮುಖದ ಕರಡಿ ಔಲ್‌ಬೇರ್ ಎಸ್‌ಆರ್‌ಡಿಯಲ್ಲಿ ಇದೆ, ಹಾಗಾದರೆ ಇದೂ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ. ಬೀಹೋಲ್ಡರ್, ಮೈಂಡ್ ಫ್ಲೇಯರ್, ಡಿಸ್‌ಪ್ಲೇಸರ್ ಬೀಸ್ಟ್ ಮುಂತಾದವನ್ನು ಕಂಪನಿ ತನಗೇ ಉಳಿಸಿಕೊಂಡಿತ್ತು. ಒಬ್ಬ ಓದುಗರು ಪುಣ್ಯಕ್ಕೆ ಮೆಸೇಜ್ ಮಾಡಿ ಹೇಳಿದರು. ಪುಸ್ತಕ ಕೆಳಗಿಳಿಸಿ, ಚಿತ್ರಕ್ಕೆ ಎರಡನೇ ಸಲ ದುಡ್ಡು ಕೊಟ್ಟು, ಕಣ್ಣೇ ಇಲ್ಲದ, ಸದ್ದು ಕೇಳಿ ಬೇಟೆಯಾಡುವ ಬೇರೆ ಪ್ರಾಣಿ ಬರೆದು ಮತ್ತೆ ಹಾಕಿದೆ. ಹೆಸರು ಮಾತ್ರ ಬದಲಿಸಿ ಹತ್ತು ಕಣ್ಣು ಉಳಿಸಿಕೊಳ್ಳೋಣ ಅನ್ನಿಸುತ್ತದೆ, ಹಾಗೆ ಮಾಡಬೇಡಿ.

ಅಪ್‌ಲೋಡ್ ಮಾಡುವ ಮುಂಚೆ ಎಸ್‌ಆರ್‌ಡಿಯನ್ನು ಪಕ್ಕಕ್ಕೆ ತೆರೆದಿಟ್ಟುಕೊಂಡು ನಿಮ್ಮ ಪ್ರತಿ ರಾಕ್ಷಸ, ಪ್ರತಿ ಮಂತ್ರದ ಹೆಸರನ್ನೂ ಅದರಲ್ಲಿ ಹುಡುಕಿ ನೋಡಿ. ಒಂದು ಸಂಜೆಯ ಕೆಲಸ. ಸಿಗದಿದ್ದದ್ದನ್ನು ನೀವೇ ಹೊಸದಾಗಿ ಬರೆಯಿರಿ. ಅನುಮಾನ ಇರುವ ಹೆಸರುಗಳನ್ನು ಕೆಳಗೆ ಕಾಮೆಂಟಲ್ಲಿ ಹಾಕಿದರೆ ನಾನೂ ಒಮ್ಮೆ ನೋಡುತ್ತೇನೆ.