ಕರಾಟೆನಾ, ಜೂಡೋನಾ ಎಂದು ಕೇಳಿಕೊಂಡು ಬಂದವಳು

"ಮೇಡಮ್, ಆತ್ಮರಕ್ಷಣೆಗೆ ಕರಾಟೆ ಕಲೀಲಾ, ಜೂಡೋನಾ, ಕ್ರಾವ್ ಮಗಾನಾ?" ವರ್ಷಕ್ಕೆ ನಾಲ್ಕೈದು ಹುಡುಗಿಯರಾದರೂ ಹೀಗೆ ಕೇಳುತ್ತಾರೆ. (ಕ್ರಾವ್ ಮಗಾ ಅಂದರೆ ಇಸ್ರೇಲಿನ ಆತ್ಮರಕ್ಷಣೆಯ ಪದ್ಧತಿ.) ಇದನ್ನು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಯಾಕೆ ಕೇಳುತ್ತಾರೆ ಎಂದು ಮೊದಮೊದಲು ಅಚ್ಚರಿಪಡುತ್ತಿದ್ದೆ.

ಇವಳಿಗೆ ಇಪ್ಪತ್ತಮೂರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬಸ್ ಸ್ಟಾಪಿನಿಂದ ಮನೆವರೆಗೆ ಕತ್ತಲು, ಅದಕ್ಕೇ ಎಂದಳು. ಮೂರು ಕ್ಲಾಸಿನ ಫೀಸನ್ನೂ ಚೀಟಿಯಲ್ಲಿ ಬರೆದು ತಂದಿದ್ದಳು.

ಎರಡನೇ ಭೇಟಿಯಲ್ಲಿ ಒಂದು ಅಭ್ಯಾಸ ಮಾಡಿಸಿದೆ. "ನಾನು ಕುರ್ಚಿ ಎಳ್ಕೊಂಡು ಹತ್ತಿರ ಬರ್ತೀನಿ. ಸಾಕು ಅನ್ನಿಸಿದ ತಕ್ಷಣ 'ಅಲ್ಲೇ ಇರಿ' ಅನ್ನಬೇಕು." ಒಪ್ಪಿದಳು. ಎಳೆದೆ. ನಕ್ಕಳು. ಇನ್ನೂ ಎಳೆದೆ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತನ್ನ ಕುರ್ಚಿಯನ್ನೇ ಹಿಂದೆ ಸರಿಸಿದಳು. ಅದು ಗೋಡೆಗೆ ತಾಗಿತು. ಆಗಲೂ ನಗುತ್ತಲೇ ಇದ್ದಳು. ನಾನೇ ನಿಲ್ಲಿಸಿ ಹಿಂದೆ ಹೋದೆ.

"ಯಾಕೆ ಹೇಳಲಿಲ್ಲ?"

"ನೀವು ದೊಡ್ಡವರು ಮೇಡಮ್. ನಿಮಗೆ ಹೇಗೆ ಹಾಗನ್ನೋದು?" ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಭಾವನ ಹತ್ರಾನೂ ಹೀಗೇ ಆಯ್ತು."

ಬಸ್ ಸ್ಟಾಪಿನ ಕತ್ತಲಿನ ಮಾತು ಮತ್ತೆ ಬರಲಿಲ್ಲ.

ನಮ್ಮ ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಪರಿಚಯದವರದ್ದೇ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಲೈಂಗಿಕ ದಾಳಿಯನ್ನು ಎದುರಿಸುವ ಪಾಠ: ಮೂರು ಮೂರು ಗಂಟೆಯ ನಾಲ್ಕು ತರಗತಿ, ಅಷ್ಟೇ. ಹೊಡೆದು ಬಿಡಿಸಿಕೊಳ್ಳುವುದು ಅದರಲ್ಲಿ ಒಂದು ಭಾಗ ಮಾತ್ರ. ಪರಿಚಯದವನಿಂದ ಬರುವ ಅಪಾಯವನ್ನು ಗುರುತಿಸುವುದು, ಸಂಕೋಚ ಮುರಿದು ಎದುರಿಸುವುದು ಕೂಡ ಪಾಠವೇ ಆಗಿತ್ತು. ಬರೀ ಕರಪತ್ರ ಸಿಕ್ಕ ಗುಂಪಿನಲ್ಲಿ ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಶೇ. 9.8. ತರಗತಿಯ ಗುಂಪಿನಲ್ಲಿ ಶೇ. 5.2.

ನಾನು ಜೂಡೋಗೆ ಸೇರಿ ಅಂದೆ. ಅಲ್ಲಿ ರಾಂದೊರಿ ಅಂತ ಮಾಡಿಸುತ್ತಾರೆ. ಎದುರಿನವರು ಅಂಗಿ ಹಿಡಿದು ಎಳೆಯುತ್ತಾರೆ, ಸುಲಭಕ್ಕೆ ಬಿಡುವುದಿಲ್ಲ. ಯಾರಾದರೂ ಹಿಡಿದಾಗ ಮೈ ಮರಗಟ್ಟುವುದು ಅವಳ ತಪ್ಪಲ್ಲ, ದೇಹ ಹಾಗೇ ಮಾಡುತ್ತದೆ. ಹಿಡಿತ ರೂಢಿಯಾದರೆ ಕೈಕಾಲು ಬೇಗ ಆಡೀತು. ಕರಾಟೆಯೂ ಆಗಬಹುದು, ಆದರೆ ಗಾಳಿಗೆ ಗುದ್ದಿಸಿ ಬೆಲ್ಟ್ ಕೊಡುವ ಕಡೆ ಬೇಡ. ಫೀಸು ಕಟ್ಟುವ ಮೊದಲು ಒಂದು ದಿನ ಕೂತು ನೋಡಿ, ಎದುರಾಳಿ ನಿಜವಾಗಿ ತಡೆಯುತ್ತಾರಾ ಅಂತ. ಜೊತೆಗೆ, ಭಾವ ಇರುವಾಗ ಮನೆಯಲ್ಲಿ ಒಬ್ಬಳೇ ಇರಬೇಡಿ, ಅಮ್ಮನಿಗೆ ಹೇಳಿ, ತುರ್ತು ಸಹಾಯದ 112 ನೆನಪಿರಲಿ ಎಂದೆ.

"ತಪ್ಪು ಮಾಡಿದವನು ಅವನು, ಕಲೀಬೇಕಾದವಳು ಇವಳಾ?" ಎಂದು ಸಹೋದ್ಯೋಗಿಯೊಬ್ಬರು ಕೋಪಿಸಿಕೊಂಡರು. ಅವರ ಮಾತು ನಿಜ. ಪೊಲೀಸ್ ದೂರಿನ ದಾರಿಯನ್ನೂ ಅವಳಿಗೆ ಹೇಳಿದ್ದೆ, ಈಗ ಬೇಡ ಅಂದಳು. ಆದರೆ ಭಾವ ಮುಂದಿನ ಭಾನುವಾರವೂ ಊಟಕ್ಕೆ ಬರುವವನು. ಅವತ್ತಿಗೆ ಅವಳಿಗೆ ಏನಾದರೂ ಗೊತ್ತಿರಬೇಕಲ್ವಾ?

ಜೂಡೋ ಶುರುವಾಗಿ ಎರಡು ತಿಂಗಳಾಯಿತು. ಗೌರಿ ಹಬ್ಬಕ್ಕೆ ಅಕ್ಕ-ಭಾವ ಬರುತ್ತಾರಂತೆ. ಅಮ್ಮನಿಗೆ ಹೇಳಿದ್ದಾಳೆ. ಅಕ್ಕನಿಗೆ ಇನ್ನೂ ಇಲ್ಲ.