ಸತ್ತ ಹುಡುಗ ಮೂರು ಸಲ ಎದ್ದು ಬಂದನೇ?

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ರಷ್ಯಾದ ‘ಗೊಂದಲದ ಕಾಲ’ದ ಬಗ್ಗೆ ಬರೆದಿದ್ದೀರಿ. ಸತ್ತ ರಾಜಕುಮಾರ ನಾನೇ ಅಂತ ಮೂವರು ಬಂದರಂತೆ, ಜನ ನಂಬಿದರಂತೆ. ಅಲ್ಲಿಯವರು ಅಷ್ಟು ಪೆದ್ದರಾಗಿದ್ರಾ? ಬರಗಾಲವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೂ ಸರಿಯಲ್ಲ.
— ನಿವೃತ್ತ ಶಿಕ್ಷಕರೊಬ್ಬರು, ತುಮಕೂರು

ಮೇಷ್ಟ್ರೇ, ನಮಸ್ಕಾರ. ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಜಾಗ ಸಾಲಲಿಲ್ಲ ಅಂತ ಬರಗಾಲದ ಎರಡು ಪ್ಯಾರಾ ಕತ್ತರಿಸಿದ್ದು ನಾನೇ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇತ್ತು.

ಹುಡುಗನಿಂದ ಶುರು ಮಾಡೋಣ. 1591ರ ಮೇ ತಿಂಗಳು, ವೋಲ್ಗಾ ದಡದ ಉಗ್ಲಿಚ್. ರಷ್ಯಾವನ್ನು ಆಳಿದ್ದ ದೊರೆ ‘ಭಯಂಕರ’ ಇವಾನನ ಕೊನೆಯ ಮಗ ದ್ಮಿತ್ರಿಗೆ ಎಂಟು ವರ್ಷ. ಅಂಗಳದಲ್ಲಿ ಆಡುತ್ತಿದ್ದವನು ಕುತ್ತಿಗೆಗೆ ಚಾಕು ಚುಚ್ಚಿ ಸತ್ತ. ಚರ್ಚಿನ ಗಂಟೆ ಬಾರಿಸಿದರು. ಊರು ಸೇರಿತು. ಇದು ಕೊಲೆಯೇ ಅಂತ ಕೂಗಿ, ಮಾಸ್ಕೋ ಕಳಿಸಿದ್ದ ಅಧಿಕಾರಿಯನ್ನೇ ಹೊಡೆದು ಕೊಂದರು. ಮಾಸ್ಕೋ ಊರಿನವರಿಗಷ್ಟೇ ಅಲ್ಲ, ಗಂಟೆಗೂ ಶಿಕ್ಷೆ ಕೊಟ್ಟಿತು. ಅದನ್ನು ಗೋಪುರದಿಂದ ಉರುಳಿಸಿ, ನಾಲಿಗೆ ಕಿತ್ತು, ನೇತುಹಾಕುವ ‘ಕಿವಿ’ ಮುರಿದು ಸೈಬೀರಿಯಾದ ತೊಬೋಲ್ಸ್ಕ್‌ಗೆ ಗಡೀಪಾರು ಮಾಡಿದರು. ಅದು ಊರಿಗೆ ವಾಪಸ್ ಬಂದಿದ್ದು 1892ರಲ್ಲಿ!

ತನಿಖೆಗೆ ಹೋದವನು ಮಾಸ್ಕೋದ ಶ್ರೀಮಂತ ವಾಸಿಲಿ ಶುಯ್ಸ್ಕಿ. ಚಾಕುವನ್ನು ನೆಲಕ್ಕೆ ನಾಟುವಂತೆ ಎಸೆಯುವ ಆಟ ಆಡುವಾಗ ಹುಡುಗನಿಗೆ ಫಿಟ್ಸ್ ಬಂತು, ಕೈಲಿದ್ದ ಚಾಕುವೇ ಚುಚ್ಚಿತು ಅನ್ನುವುದು ಅವನ ತನಿಖೆಯ ತೀರ್ಮಾನ. ಈ ಹೆಸರು ನೆನಪಿರಲಿ.

1598ರಲ್ಲಿ ದ್ಮಿತ್ರಿಯ ಅಣ್ಣ, ತ್ಸಾರ್ (ಅಂದರೆ ರಷ್ಯಾದ ದೊರೆ) ಫ್ಯೋದರ್ ಮಕ್ಕಳಿಲ್ಲದೆ ತೀರಿಕೊಂಡ. ಅಲ್ಲಿಗೆ ಹಳೆಯ ರಾಜವಂಶ ಮುಗಿಯಿತು. ಅವನ ಹೆಂಡತಿಯ ಅಣ್ಣ ಬೊರಿಸ್ ಗೊದುನೋವ್‌ನನ್ನು ಸಭೆ ಸೇರಿಸಿ ಆರಿಸಿದರು. ಕೈಲಾಗದವನೇನಲ್ಲ. ಆದರೆ ತ್ಸಾರ್ ಅಂದರೆ ದೇವರು ಕೊಡಬೇಕು, ಮನುಷ್ಯರು ಆರಿಸೋದು ಏನು ಅಂತ ಜನರ ಮನಸ್ಸಿನಲ್ಲಿತ್ತು.

ಈಗ ನಾನು ಕತ್ತರಿಸಿದ ಭಾಗ. 1600ರಲ್ಲಿ ಪೆರುವಿನ ವಾಯ್ನಾಪುತಿನಾ ಜ್ವಾಲಾಮುಖಿ ಸಿಡಿಯಿತು. ಅದರ ಗಂಧಕದ ಹಬೆ ಆಕಾಶದಲ್ಲೆಲ್ಲ ಹರಡಿ ಬಿಸಿಲನ್ನು ತಡೆಯಿತು ಅನ್ನುತ್ತಾರೆ ವಿಜ್ಞಾನಿಗಳು. ಮರುವರ್ಷ ರಷ್ಯಾದಲ್ಲಿ ಬೇಸಿಗೆ ಪೂರ್ತಿ ಮಳೆ. ಆಗಸ್ಟ್‌ನಲ್ಲೇ ಹಿಮ ಬಿದ್ದು ರೈ ಪೈರು ಹಸಿರಲ್ಲೇ ಸತ್ತಿತು. ಮುಂದಿನ ಬಿತ್ತನೆಗೆ ಉಳಿದದ್ದು ಜೊಳ್ಳು. ಮೊಳೆಯಲಿಲ್ಲ. ಮೂರನೇ ವರ್ಷಕ್ಕೆ ಅದೂ ಇಲ್ಲ. ಹುಲ್ಲು, ಮರದ ತೊಗಟೆ ತಿಂದರು. ಊಟ ಹಾಕೋದು ತಪ್ಪಲಿ ಅಂತ ದೊಡ್ಡ ಮನೆಯವರು ಆಳುಗಳನ್ನು ಬೀದಿಗೆ ಅಟ್ಟಿದರು. ಬೊರಿಸ್ ಸುಮ್ನೆ ಕೂರಲಿಲ್ಲ. ಉಗ್ರಾಣ ತೆರೆದ, ಮಾಸ್ಕೋದಲ್ಲಿ ಕಾಸು ಹಂಚಿದ. ಸುದ್ದಿ ಕೇಳಿ ಹಳ್ಳಿಗೆ ಹಳ್ಳಿಯೇ ಮಾಸ್ಕೋ ಕಡೆ ನಡೆಯಿತು. ಕೈಗೆ ಕಾಸು ಬಂತು, ಕೊಳ್ಳಲು ರೊಟ್ಟಿ ಸಾಲಲಿಲ್ಲ. ಮಾಸ್ಕೋದ ಗುಂಡಿಗಳಲ್ಲಿ ಹೂತವರೇ 1,27,000 ಅಂತ ಆ ಕಾಲದ ಸನ್ಯಾಸಿ ಅವ್ರಾಮಿ ಪಾಲಿತ್ಸಿನ್ ಬರೆದಿಟ್ಟಿದ್ದಾನೆ.

ಪೆರುವಿನ ಬೆಟ್ಟದ ಸುದ್ದಿ ಆ ರೈತನಿಗೆ ಹೇಗೆ ಗೊತ್ತಾಗಬೇಕು? ಕೂರಬಾರದವನು ಗದ್ದುಗೆ ಮೇಲೆ ಕೂತಿದ್ದಾನೆ, ಅದಕ್ಕೇ ದೇವರು ಮುನಿದಿದ್ದಾನೆ ಅಂದುಕೊಂಡ. 1604ರಲ್ಲಿ ಪೋಲೆಂಡ್ ಕಡೆಯಿಂದ ‘ನಾನೇ ದ್ಮಿತ್ರಿ, ಸತ್ತಿರಲಿಲ್ಲ’ ಅಂತ ಒಬ್ಬ ದಂಡು ಕಟ್ಟಿಕೊಂಡು ಬಂದ. ಅವನು ಮಠ ಬಿಟ್ಟು ಓಡಿದ ಗ್ರಿಗೋರಿ ಓತ್ರೆಪ್ಯೇವ್ ಅಂತ ಸರ್ಕಾರ ಸಾರಿತು. ಕೇಳುವವರು ಯಾರು? ಮರುವರ್ಷ ಬೊರಿಸ್ ದಿಢೀರನೆ ಸತ್ತ. ಅವನ 16 ವರ್ಷದ ಮಗನನ್ನು ಕೊಂದರು. ದ್ಮಿತ್ರಿ ಅಂತ ಬಂದವನೇ ತ್ಸಾರ್ ಆದ.

‘ಪೆದ್ದರು’ ಅನ್ನೋ ಮಾತಿಗೆ ನನ್ನ ತಕರಾರು ಇಲ್ಲಿದೆ. ಬಂದವನನ್ನು ‘ನನ್ನ ಮಗ’ ಅಂತ ಒಪ್ಪಿಕೊಂಡವಳು ದ್ಮಿತ್ರಿಯ ಹೆತ್ತ ತಾಯಿ ಮಾರಿಯಾ ನಗಾಯಾ. ಉಗ್ಲಿಚ್ ಗಲಾಟೆಯಾದ ಮೇಲೆ ಅವಳನ್ನು ಸನ್ಯಾಸಿನಿ ಮಾಡಿ ಮಠಕ್ಕೆ ತಳ್ಳಿದ್ದರು. ಸೇಡೋ, ಭಯವೋ, ಅವಳಿಗೇ ಗೊತ್ತು. ಶುಯ್ಸ್ಕಿಯೂ ರಾಗ ಬದಲಿಸಿದ. ಹುಡುಗ ಉಳಿದುಕೊಂಡಿದ್ದ ಅಂದ. 1606ರ ಮೇ ತಿಂಗಳಲ್ಲಿ ಅದೇ ಶುಯ್ಸ್ಕಿ ಸಂಚು ಮಾಡಿ ಹೊಸ ತ್ಸಾರ್‌ನನ್ನು ಕೊಲ್ಲಿಸಿ, ತಾನೇ ತ್ಸಾರ್ ಆದ. ಆಗ ಮೂರನೇ ಹೇಳಿಕೆ: ಹುಡುಗನನ್ನು ಬೊರಿಸ್ ಕೊಲ್ಲಿಸಿದ್ದ. ಉಗ್ಲಿಚ್‌ನಿಂದ ದೇಹ ತರಿಸಿ, ಸಂತ ಅಂತ ಸಾರಿದರು. ತಾಯಿಯೂ ಮಾತು ತಿರುಗಿಸಿದಳು. ತನಿಖೆ ಮಾಡಿದವನೇ ಮೂರು ಥರ ಹೇಳಿದ ಮೇಲೆ ಹಸಿದ ರೈತನನ್ನು ಬೈದು ಏನು ಪ್ರಯೋಜನ, ಅಲ್ವಾ?

ಆಮೇಲಿನದು ಬೇಗ ಹೇಳುತ್ತೇನೆ. ಎರಡನೇ ದ್ಮಿತ್ರಿ ಮಾಸ್ಕೋ ಪಕ್ಕದ ತುಶಿನೋದಲ್ಲಿ ಬೀಡುಬಿಟ್ಟ. ಮೊದಲನೆಯವನ ಹೆಂಡತಿ ಮರೀನಾ ‘ಇವರೇ ನನ್ನ ಗಂಡ’ ಅಂತ ಹೋಗಿ ಸೇರಿಕೊಂಡಳು! ಮೂರನೆಯವನು ಪ್ಸ್ಕೋವ್‌ನಲ್ಲಿ. ಶುಯ್ಸ್ಕಿ ಸ್ವೀಡನ್ನಿನ ನೆರವು ಕೇಳಿದ, ಅದೇ ನೆಪದಲ್ಲಿ ಪೋಲೆಂಡಿನ ದೊರೆ ಸ್ಮೋಲೆನ್ಸ್ಕ್ ಮುತ್ತಿದ. 1610ರಲ್ಲಿ ಬೊಯಾರ್ ಶ್ರೀಮಂತರೇ ಪೋಲಿಷ್ ಸೈನ್ಯವನ್ನು ಕ್ರೆಮ್ಲಿನ್‌ ಒಳಗೆ ಬಿಟ್ಟುಕೊಂಡರು. ನೆರವಿಗೆ ಬಂದಿದ್ದ ಸ್ವೀಡನ್ 1611ರಲ್ಲಿ ನೊವ್ಗೊರೊದ್ ಹಿಡಿದುಕೊಂಡಿತು. ಕೊನೆಗೆ ಎದ್ದು ನಿಂತವನು ನಿಜ್ನಿ ನೊವ್ಗೊರೊದ್‌ನ ಮಾಂಸದ ವ್ಯಾಪಾರಿ ಕುಜ್ಮಾ ಮಿನಿನ್. ಅವನು ಹಣ ಎತ್ತಿದ, ಪೊಝಾರ್ಸ್ಕಿ ದಂಡು ನಡೆಸಿದ. 1612ರಲ್ಲಿ ಕ್ರೆಮ್ಲಿನ್ ಬಿಡುಗಡೆಯಾಯಿತು.

1613ರಲ್ಲಿ 16 ವರ್ಷದ ಮಿಖಾಯಿಲ್ ರೊಮಾನೊವ್‌ನನ್ನು ತ್ಸಾರ್ ಮಾಡಿದರು. ಕರೆಯಲು ಬಂದವರಿಗೆ ಕೊಸ್ತ್ರೊಮಾದ ಮಠದಲ್ಲಿ ಅವನ ತಾಯಿ ಮಾರ್ಫಾ ಮೊದಲು ಆಗೋದಿಲ್ಲ ಅಂದಳು. ಬೊರಿಸ್‌ಗೆ ಆಣೆ ಮಾಡಿದ್ರಿ, ಆ ದ್ಮಿತ್ರಿಗೆ ಆಣೆ ಮಾಡಿದ್ರಿ, ಶುಯ್ಸ್ಕಿಗೂ ಮಾಡಿದ್ರಿ, ಎಲ್ಲರಿಗೂ ಕೈಕೊಟ್ರಿ, ನನ್ನ ಮಗನನ್ನು ಹೇಗೆ ಕಳಿಸಲಿ ಅನ್ನುವುದು ಅವಳ ಪ್ರಶ್ನೆಯಾಗಿತ್ತು.

— ಸಂ.